ಸಿನಿಮಾ ಮೊದಲೋ ಊಟ ಮೊದಲೋ? ಕಾರವಾರದ ಒಂದು ಶನಿವಾರದ ಲೆಕ್ಕ

ಪ್ರಶ್ನೆ: ನಾನು ಅಂಕೋಲಾ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕಿ. ಡಿಗ್ರಿಯಲ್ಲಿ ಜೊತೆಗೆ ಓದಿದ ನಾವು ಐದು ಜನ ಗೆಳತಿಯರು ಹದಿನೈದು ವರ್ಷದ ಮೇಲೆ ಒಂದು ಶನಿವಾರ ಕಾರವಾರದಲ್ಲಿ ಸೇರುತ್ತಿದ್ದೇವೆ. ಒಂದು ಸಿನಿಮಾ, ಆಮೇಲೆ ಒಟ್ಟಿಗೆ ರಾತ್ರಿ ಊಟ. ಇಬ್ಬರು ಶಿರಸಿಯವರು, ಮೀನು ಮೊಟ್ಟೆ ಮುಟ್ಟುವುದಿಲ್ಲ. ಒಬ್ಬಳು ಕುಮಟೆಯವಳು, ಯಾವತ್ತೂ ತಡ. ಇನ್ನೊಬ್ಬಳು ಮಡಗಾಂವದಿಂದ ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಬರುತ್ತಾಳೆ. ಸಿನಿಮಾ ಮೊದಲೋ ಊಟ ಮೊದಲೋ ಅಂತಲೇ ನಾಲ್ಕು ದಿನದಿಂದ ಗ್ರೂಪಿನಲ್ಲಿ ಜಗಳ. ಎಲ್ಲಿ ಊಟ ಮಾಡೋದು, ಬಿಲ್ ಹೇಗೆ ಹಂಚಿಕೊಳ್ಳೋದು, ರಾತ್ರಿ ವಾಪಸ್ ಹೇಗೆ? ಸ್ವಲ್ಪ ಹೇಳಿ.

ಉತ್ತರ: ಅಕ್ಕೋರೇ, ಸಿನಿಮಾ ಮೊದಲು. ಅದೂ ಮ್ಯಾಟಿನಿ. ಫಸ್ಟ್ ಶೋ ಬೇಡ, ಸೆಕೆಂಡ್ ಶೋ ಅಂತೂ ಬೇಡವೇ ಬೇಡ.

ಇದನ್ನು ನಾನು ಎರಡೂ ಕಡೆ ಕೂತು ನೋಡಿ ಹೇಳುತ್ತಿದ್ದೇನೆ. ಮೊದಲು ಆರು ವರ್ಷ ಒಂದು ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದೆ. ಬಾಲ್ಕನಿಗೆ ಗುಲಾಬಿ ಚೀಟಿ, ಕೆಳಗಿನ ಕ್ಲಾಸಿಗೆ ಹಳದಿ. ಹರಿದ ಅರ್ಧವನ್ನು ತಂತಿಗೆ ಚುಚ್ಚಿ ಇಡಬೇಕು, ಶೋ ಮುಗಿದ ಮೇಲೆ ಎಣಿಸಬೇಕು. ಆಮೇಲೆ ಇಪ್ಪತ್ತೊಂದು ವರ್ಷ ಕಾರವಾರದಲ್ಲಿ ಮೀನೂಟದ ಹೋಟೆಲಿನ ಗಲ್ಲೆಯಲ್ಲಿ ಕೂತೆ. ಸಿನಿಮಾ ಬಿಟ್ಟ ಜನ ಹಸಿದುಕೊಂಡು ಓಡಿ ಬರುವುದನ್ನು ಆ ಕಡೆಯಿಂದಲೂ ನೋಡಿದ್ದೇನೆ, ಈ ಕಡೆಯಿಂದಲೂ ನೋಡಿದ್ದೇನೆ.

ಎಲ್ಲರೂ ತಪ್ಪುವುದು ಒಂದೇ ಕಡೆ. ಸಿನಿಮಾ ಎಷ್ಟೊತ್ತಿಗೆ ಶುರು ಅಂತ ನೋಡುತ್ತಾರೆ, ಹೋಟೆಲು ಎಷ್ಟೊತ್ತಿಗೆ ಮುಚ್ಚುತ್ತೆ ಅಂತ ನೋಡುತ್ತಾರೆ. ಅಡುಗೆಮನೆ ಎಷ್ಟೊತ್ತಿಗೆ ಮುಚ್ಚುತ್ತೆ ಅಂತ ಯಾರೂ ಕೇಳುವುದಿಲ್ಲ. ಬೋರ್ಡಿನಲ್ಲಿ ರಾತ್ರಿ 11 ಅಂತ ಬರೆದಿದ್ದರೆ ಅದು ಶಟರ್ ಎಳೆಯುವ ಹೊತ್ತು. ಅಡುಗೆಯವನು ಕೈ ತೊಳೆಯುವುದು ಅದಕ್ಕೂ ಮುಕ್ಕಾಲು ಗಂಟೆ ಮುಂಚೆ. ಮೀನಿನ ಹೋಟೆಲಿನಲ್ಲಂತೂ ಇನ್ನೂ ಬೇಗ, ಯಾಕಂದರೆ ಬೆಳಿಗ್ಗೆ ಪೇಟೆಯಿಂದ ತಂದ ಮೀನು ಅಷ್ಟೇ ಇರೋದು, ಅದು ಮುಗಿದರೆ ಆಯಿತು.

ಈಗ ಲೆಕ್ಕ ಹಾಕಿ. ಆರೂವರೆಯ ಫಸ್ಟ್ ಶೋಗೆ ಹೋದಿರಿ. ಜಾಹೀರಾತು, ಎರಡೂವರೆ ಗಂಟೆ ಸಿನಿಮಾ, ನಡುವೆ ಇಂಟರ್ವಲ್ಲು. ಬಿಡುವಾಗ ಒಂಬತ್ತೂಕಾಲು, ಒಂಬತ್ತೂವರೆ. ಹೊರಗೆ ಬಂದ ಮೇಲೆ ಐದು ಜನ ಹೆಂಗಸರು ಗೇಟಿನ ಹತ್ತಿರ ನಿಂತು ಮಾತಾಡದೇ ಹೊರಡುತ್ತೀರಾ? ಇಪ್ಪತ್ತು ನಿಮಿಷ ಅಲ್ಲೇ ಹೋಯಿತು. ಆಟೊ ಹಿಡಿದು ಹೋಟೆಲಿಗೆ ಬರುವಾಗ ಹತ್ತು.

ಹೀಗೇ ಒಂದು ಶನಿವಾರ ಹತ್ತು ಗಂಟೆಗೆ ಎಂಟು ಜನ ಬಂದರು. ನಮ್ಮ ಅಡುಗೆಯವನು ತವಾ ತಿಕ್ಕಿ ಗೋಡೆಗೆ ಒರಗಿಸಿ, ಬೀಡಿ ಹಚ್ಚಿಕೊಂಡು ಹಿಂದಿನ ಬಾಗಿಲಲ್ಲಿ ಕೂತಿದ್ದ. ಬಂದವರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವನನ್ನು ಬೇಡಿಕೊಂಡು ಮತ್ತೆ ಒಲೆ ಹಚ್ಚಿಸಿದೆ. ಉಳಿದದ್ದು ನಾಲ್ಕೇ ಬಂಗಡೆ, ಬುಡ ಹಿಡಿದ ಅನ್ನ, ಹೊಟ್ಟೆಗೆ ಸಾಲದಷ್ಟು ಸಾರು. ಆಮ್ಲೆಟ್ ಮಾಡಿ ಮಾಡಿ ಹಾಕಿದೆವು. ಅವರ ಜೊತೆಗಿದ್ದ ಸಣ್ಣ ಹುಡುಗಿ ಒಬ್ಬಳು ನೀರಿನ ಜಗ್ಗಿನ ಪಕ್ಕ ತಲೆಯಿಟ್ಟು ನಿದ್ದೆ ಹೋಗಿದ್ದಳು, ಅವಳ ತಟ್ಟೆಯ ಆಮ್ಲೆಟ್ ಅಲ್ಲೇ ತಣ್ಣಗಾಯಿತು. ದುಡ್ಡು ಪೂರ್ತಿ ಕೊಟ್ಟರು, ಆದರೆ ಆ ಊಟಕ್ಕೆ ದುಡ್ಡು ತೆಗೆದುಕೊಳ್ಳುವಾಗ ನನಗೇ ನಾಚಿಕೆ ಆಗಿತ್ತು.

ಮ್ಯಾಟಿನಿಯಲ್ಲಿ ಈ ತಾಪತ್ರಯ ಇಲ್ಲ. ಶನಿವಾರ ನಿಮಗೆ ಬೆಳಗಿನ ಶಾಲೆ, ಮಧ್ಯಾಹ್ನಕ್ಕೆ ಬಿಡುವು. ಅಂಕೋಲೆಯಿಂದ ಕಾರವಾರ ಸುಮಾರು 35 ಕಿ.ಮೀ. ಎರಡೂವರೆಯ ಆಟಕ್ಕೆ ಆರಾಮಾಗಿ ಮುಟ್ಟುತ್ತೀರಿ. ಐದೂಕಾಲು ಐದೂವರೆಗೆ ಸಿನಿಮಾ ಬಿಡುತ್ತದೆ. ಅಲ್ಲಿಂದ ಸೀದಾ ಟಾಗೋರ್ ಬೀಚು. ಡಿಸೆಂಬರಿನಲ್ಲಾದರೆ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ, ಏಪ್ರಿಲ್ ಮೇ ತಿಂಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಗೇಟಿನ ಹತ್ತಿರ ನಿಂತು ಮಾತಾಡುವುದನ್ನು ಮರಳಿನ ಮೇಲೆ ಕೂತು ಮಾತಾಡಿ. ಹದಿನೈದು ವರ್ಷದ ಮಾತು ಇದೆ ಅಲ್ವಾ, ಸಿನಿಮಾ ಹಾಲಿನಲ್ಲಿ ಅದು ಆಗುವುದಿಲ್ಲ. ನಿಜ ಹೇಳಬೇಕು ಅಂದರೆ ಇಡೀ ದಿನದಲ್ಲಿ ನೀವು ನೆನಪಿಟ್ಟುಕೊಳ್ಳುವುದು ಈ ಎರಡು ಗಂಟೆಯನ್ನೇ. ರವೀಂದ್ರನಾಥ ಟಾಗೋರರು ಇಪ್ಪತ್ತೆರಡರ ಹುಡುಗ ಇದ್ದಾಗ, 1883ರ ಹೊತ್ತಿಗೆ, ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಇದೇ ದಂಡೆಯಲ್ಲಿ ಓಡಾಡಿ ಒಂದು ನಾಟಕವನ್ನೇ ಬರೆದರು. ನೀವು ಏನೂ ಬರೆಯಬೇಡಿ, ಸುಮ್ನೆ ಗಾಳಿ ಕುಡಿಯಿರಿ. ಏಳೂವರೆಗೆ ಎದ್ದು ಹೊರಟರೆ ಎಂಟರೊಳಗೆ ಊಟದ ಟೇಬಲ್ಲು. ಅಡುಗೆಯವನಿಗೂ ಆಗಿನ್ನೂ ಉಮೇದು ಇರುತ್ತದೆ, ಮೀನೂ ಇರುತ್ತದೆ.

ಮಡಗಾಂವದ ಹುಡುಗನಿಗೆ ಬೀಚಿನಲ್ಲಿ ಬೇಜಾರು ಬರಬಹುದು. ಅಲ್ಲೇ ಪಕ್ಕದಲ್ಲಿ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ, 2024ರಿಂದ ನೌಕಾಪಡೆಯ ಹಳೇ ಟುಪೊಲೆವ್ ವಿಮಾನವೂ ಇದೆ, 50 ಮೀಟರಿಗೂ ಉದ್ದ ಇರುವ ವಿಮಾನ. ಆದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಬೇಡಿ, ಮ್ಯಾಟಿನಿಗೆ ಮೊದಲೇ ತೋರಿಸಲಿ. ಅವರು ಗೋವಾ ಕಡೆಯಿಂದ ಹೇಗೂ ಬೆಳಿಗ್ಗೆ ಹೊರಡುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಗೋವಾ ದಾರಿಯ ಹಳೇ ಕಾಳಿ ಸೇತುವೆ ಕುಸಿದದ್ದು ನಿಮಗೂ ಗೊತ್ತು. ಆಮೇಲೆ ಸದಾಶಿವಗಡದಿಂದ ಈಚೆ ದಾಟುವಾಗ ಗಡಿಬಿಡಿ ಇಟ್ಟುಕೊಳ್ಳದೇ ಇರುವುದೇ ಒಳ್ಳೆಯದು.

ಮಡಗಾಂವದಲ್ಲೇ ಮಲ್ಟಿಪ್ಲೆಕ್ಸ್ ಇದೆಯಲ್ಲ, ಎಲ್ಲರೂ ಅಲ್ಲಿಗೇ ಹೋಗೋಣ ಅಂತ ಆ ಗೆಳತಿ ಹೇಳಿರುತ್ತಾಳೆ, ಹೇಳದೇ ಇರುವುದಿಲ್ಲ. ಬೇಡ. ಕಾರವಾರದಿಂದ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರು ಆಗುತ್ತದೆ, ಶಿರಸಿಯವರು ಆಗಲೇ ನೂರು ಕಿ.ಮೀ. ಮೇಲೆ ಘಟ್ಟ ಇಳಿದು ಬಂದಿರುತ್ತಾರೆ. ಒಳ್ಳೆ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುವುದಕ್ಕೆ ಅಷ್ಟು ದೂರ ಹೋಗಬೇಕಾ?

ಟಿಕೆಟ್ ಬಗ್ಗೆ ಎರಡು ಮಾತು. ಸಿನಿಮಾ ಬದಲಾಗುವುದು ಶುಕ್ರವಾರ. ಶನಿವಾರ ಯಾವ ಹೊತ್ತಿಗೆ ಯಾವ ಆಟ ಅನ್ನುವುದು ಬುಧವಾರ ಗುರುವಾರದ ಹೊತ್ತಿಗೇ ಗಟ್ಟಿಯಾಗೋದು. ಅದಕ್ಕೆ ಮೊದಲು ಗ್ರೂಪಿನಲ್ಲಿ ಜಗಳ ಮಾಡಿ ಉಪಯೋಗ ಇಲ್ಲ. ಸಣ್ಣ ಊರಿನ ಟಾಕೀಸಿನಲ್ಲಿ ಜನ ತೀರಾ ಕಡಿಮೆ ಇದ್ದರೆ ಆಟ ರದ್ದು ಮಾಡುವುದೂ ಉಂಟು. ನಾನು ಟಿಕೆಟ್ ಹರಿಯುತ್ತಿದ್ದ ಕಾಲದಲ್ಲಿ ಮಳೆಗಾಲದ ಮ್ಯಾಟಿನಿಗೆ ಏಳೆಂಟು ಜನ ಬಂದರೆ ಮ್ಯಾನೇಜರು 'ಇನ್ನು ಹತ್ತು ನಿಮಿಷ ನೋಡೋಣ' ಅಂತ ಹೇಳಿ ಹೊರಗೆ ರಸ್ತೆ ನೋಡುತ್ತಾ ನಿಲ್ಲುತ್ತಿದ್ದರು. ಬೆಳಿಗ್ಗೆ ಒಂದು ಫೋನ್ ಮಾಡಿ ಆಟ ಇದೆಯಾ ಅಂತ ಕೇಳಿಕೊಳ್ಳಿ. ಸಿನಿಮಾ ಎಷ್ಟು ಉದ್ದ ಅನ್ನುವುದು ಬುಕಿಂಗ್ ಆ್ಯಪಿನಲ್ಲೇ ಇರುತ್ತದೆ. ಮೂರು ಗಂಟೆ ಮೇಲಿದ್ದರೆ ಡಿಸೆಂಬರಿನಲ್ಲಿ ಸೂರ್ಯ ತಪ್ಪುತ್ತಾನೆ, ಅಷ್ಟೇ.

ಹುಡುಗ ಇರುವುದರಿಂದ ಸರ್ಟಿಫಿಕೇಟ್ ನೋಡಿ. 2024ರ ಕೊನೆಯಿಂದ ಯು/ಎ ಅನ್ನುವುದನ್ನು ಮೂರು ಮಾಡಿದ್ದಾರೆ: ಏಳರ ಮೇಲೆ, ಹದಿಮೂರರ ಮೇಲೆ, ಹದಿನಾರರ ಮೇಲೆ. ಇವೆಲ್ಲ ಅಪ್ಪ ಅಮ್ಮನಿಗೆ ಹೇಳುವ ಎಚ್ಚರಿಕೆ. ತಾಯಿ ಜೊತೆಗಿದ್ದರೆ ಹನ್ನೆರಡರ ಹುಡುಗ ಹೋಗಬಹುದು, ತೋರಿಸಬೇಕೋ ಬೇಡವೋ ಅನ್ನುವುದು ತಾಯಿಗೆ ಬಿಟ್ಟದ್ದು. ಆದರೆ ಬರೀ 'ಎ' ಇದ್ದರೆ ಹದಿನೆಂಟು ಆಗದವರಿಗೆ ಪ್ರವೇಶ ಇಲ್ಲ. ಆಗ ಬಾಗಿಲಲ್ಲಿ ನಿಂತವನ ಹತ್ತಿರ ಜಗಳ ಆಡಬೇಡಿ, ಪಾಪ ಅವನಿಗೆ ಬೇರೆ ದಾರಿ ಇಲ್ಲ. ನಾನು ಆ ಬೈಗುಳ ಬೇಕಾದಷ್ಟು ತಿಂದಿದ್ದೇನೆ.

ದರದ ವಿಷಯ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು, ಅದನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. ಅದು ಹೆಚ್ಚಾಗಿ ದೊಡ್ಡ ಊರಿನ ಮಲ್ಟಿಪ್ಲೆಕ್ಸಿನ ಜಗಳ. ನಿಮಗೆ ಬೇಕಾದದ್ದು ತೆರಿಗೆ: 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ 5 ಪರ್ಸೆಂಟು, ಅದಕ್ಕೆ ಮೇಲಾದರೆ 18. ಆ್ಯಪಿನಲ್ಲಿ ಬುಕ್ ಮಾಡಿದರೆ ಅವರ ಶುಲ್ಕ ಬೇರೆ. ಆರು ಟಿಕೆಟಿಗೆ ಅದೂ ಸೇರಿ ಒಂದು ಮೊತ್ತ ಆಗುತ್ತದೆ, ಕೌಂಟರಿಗೆ ಹೋಗಿ ತೆಗೆದುಕೊಳ್ಳುವ ಪುರಸೊತ್ತು ಇದ್ದರೆ ಉಳಿತಾಯ.

ಶಿರಸಿಯ ಗೆಳತಿಯರು ಡಬ್ಬಿಯಲ್ಲಿ ತೊಡೆದೇವು ತರುತ್ತಾರೆ, ಅದು ನನಗೆ ಖಾತ್ರಿ. ಹಾಲಿನ ಒಳಗೆ ಬಿಡದೇ ಇರಬಹುದು. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಟಾಕೀಸಿನವರಿಗೆ ಇದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗೆಯೇ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತಲೂ ಹೇಳಿದೆ, ಬಾಟಲಿ ತೆಗೆದುಕೊಳ್ಳಲೇಬೇಕು ಅಂದರೆ ಅದನ್ನು ಕೇಳಿ. ತೊಡೆದೇವನ್ನು ಬೀಚಿನಲ್ಲಿ ತಿನ್ನಿ, ಆದರೆ ಡಬ್ಬಿ ಮುಚ್ಚಳ ತೆಗೆದ ಕೂಡಲೇ ತಿಂದು ಮುಗಿಸಿ. ಕಾಗದದಷ್ಟು ತೆಳ್ಳಗೆ ಇರೋ ತಿಂಡಿ, ಸಮುದ್ರದ ಗಾಳಿಗೆ ಹತ್ತು ನಿಮಿಷದಲ್ಲಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ.

ಈಗ ಊಟ. ಇದೇ ಕಷ್ಟದ ಭಾಗ, ಮತ್ತೆ ಇದರಲ್ಲಿ ನನ್ನ ಅಭಿಪ್ರಾಯ ನಿಮಗೆ ಇಷ್ಟ ಆಗದೇ ಇರಬಹುದು.

ಕಾರವಾರಕ್ಕೆ ಬಂದು ಮೀನು ತಿನ್ನದೇ ಹೋಗೋದಾ ಅಂತ ನೀವು ಮೂವರಿಗೆ ಅನ್ನಿಸುತ್ತದೆ. ಸರಿ. ಆದರೆ ಮೀನಿನ ಹೋಟೆಲಿನಲ್ಲಿ ಸಸ್ಯಾಹಾರಿಗೆ ಸಿಗುವುದು ಏನು ಅಂತ ಗಲ್ಲೆಯಲ್ಲಿ ಕೂತವನಿಗೆ ಗೊತ್ತು. ಅನ್ನ, ದಾಲು, ಒಂದು ಪಲ್ಯ, ಹಪ್ಪಳ. ಗೋಬಿ ಮಂಚೂರಿ ಕೇಳಿದರೆ ಬರುತ್ತದೆ, ಆದರೆ ಮೀನು ಕರಿದ ಎಣ್ಣೆಯಲ್ಲೇ ಗೋಬಿಯನ್ನೂ ಕರಿಯುವ ಅಡುಗೆಮನೆಗಳು ಇವೆ. ಕೇಳಿದರೆ 'ಬೇರೆ ಎಣ್ಣೆ' ಅನ್ನುತ್ತಾರೆ. ನಿಮ್ಮ ಗೆಳತಿಯರು ಪಕ್ಕದಲ್ಲಿ ಕೂತು 'ಪರವಾಗಿಲ್ಲೆ, ಯಂಗಕ್ಕೆ ಮಜ್ಜಿಗೆ ಅನ್ನ ಸಾಕು' ಅನ್ನುತ್ತಾರೆ. ಹಾಗೆ ಅಂದವರು ಊಟ ಮಾಡಿಲ್ಲ ಅಂತಲೇ ಅರ್ಥ. ನಾನು ಇಪ್ಪತ್ತು ವರ್ಷ ಆ ಮುಖ ನೋಡಿದ್ದೇನೆ. ಮಾತಿಗೆ ನಗುತ್ತಾರೆ, ತಟ್ಟೆಯ ಮೇಲೆ ಕೈ ಓಡುವುದಿಲ್ಲ, ಪಕ್ಕದ ತಟ್ಟೆಯ ಮುಳ್ಳು ಕಂಡರೆ ಕಣ್ಣು ಆ ಕಡೆ ಮಾಡುತ್ತಾರೆ.

ಅದಕ್ಕೆ ನಾನು ಹೇಳುವುದು, ರಾತ್ರಿ ಊಟ ಎಲ್ಲರೂ ಸಸ್ಯಾಹಾರಿ ಹೋಟೆಲಿನಲ್ಲೇ ಮಾಡಿ. ಮೀನನ್ನು ಮಧ್ಯಾಹ್ನ ಮುಗಿಸಿ. ಇದು ಬರೀ ಅವರ ಮೇಲಿನ ಕರುಣೆ ಅಲ್ಲ, ನಿಮಗೇ ಲಾಭ. ನಮ್ಮ ಕಡೆ ಮೀನೂಟ ಅಂದರೆ ಮಧ್ಯಾಹ್ನದ್ದು. ಬೆಳಿಗ್ಗೆ ಪೇಟೆಗೆ ಬಂದ ಮೀನು, ಹೊಸದಾಗಿ ಅರೆದ ಕಾಯಿ, ಒಲೆಯಿಂದ ಆಗಷ್ಟೇ ಇಳಿದ ಕುಚ್ಚಲಕ್ಕಿ ಅನ್ನ, ಸೋಲ್ ಕಡಿ. ರಾತ್ರಿ ಕೊಡುವುದು ಅದೇ ಸಾರನ್ನು ಬಿಸಿ ಮಾಡಿ. ಹೊಟ್ಟೆ ಕೆಡುವುದಿಲ್ಲ, ಬಂಗಡೆ ಸಾರು ಎರಡನೇ ಹೊತ್ತಿಗೇ ರುಚಿ ಅನ್ನುವವರೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೆ ರವಾ ಹಚ್ಚಿ ಕರಿದ ನೊಗ್ಲಿ (ಕಾಣೆ), ಶೆಟ್ಲಿ (ಸಿಗಡಿ), ತಿಸ್ರೆ (ಚಿಪ್ಪುಮೀನು) ಸುಕ್ಕಾ ಇವೆಲ್ಲ ಮಧ್ಯಾಹ್ನ ತಿಂದರೇ ಚೆಂದ. ಶಾಲೆ ಬಿಟ್ಟು ನೀವು ಒಂದು ಗಂಟೆಗೆ ಕಾರವಾರ ಮುಟ್ಟಿದರೆ ಮೀನು ತಿನ್ನುವ ಮೂವರು ಒಂದು ಮೀನೂಟ ಮುಗಿಸಿ ಮ್ಯಾಟಿನಿಗೆ ಹೋಗಬಹುದು. ಶಿರಸಿಯವರು ಬರುವ ದಾರಿಯಲ್ಲೇ ತಿಂಡಿ ಮಾಡಿ ಬರಲಿ. ಒಂದು ಸಲ ಗ್ರೂಪಿನಲ್ಲಿ ಕೇಳಿಕೊಳ್ಳಿ, ಶನಿವಾರ ಮೀನು ತಿನ್ನದ ಮನೆಗಳೂ ನಮ್ಮಲ್ಲಿ ಇವೆ, ಕುಮಟೆಯವಳು ಆ ಪೈಕಿ ಇದ್ದರೆ ಲೆಕ್ಕವೇ ಬದಲಾಗುತ್ತದೆ.

ಇಲ್ಲ, ರಾತ್ರಿಯೇ ಮೀನು ಬೇಕು ಅಂದರೆ ಸಸ್ಯಾಹಾರದ ಅಡುಗೆಮನೆ ಬೇರೆ ಇರುವ ದೊಡ್ಡ ಹೋಟೆಲು ಹುಡುಕಿ. ಆಯ್ಕೆ ಶಿರಸಿಯವರು ಮಾಡಲಿ, ನೀವಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಮಾಡಿ ಮೂರು ಕೇಳಿ: ಇವತ್ತು ಯಾವ ಮೀನು ಬಂದಿದೆ, ಎಂಟು ಗಂಟೆಗೆ ಆರು ಜನಕ್ಕೆ ಒಂದೇ ಟೇಬಲ್ಲು ಸಿಗುತ್ತದಾ, ಕೊನೆಯ ಆರ್ಡರ್ ಎಷ್ಟೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಆ ಎರಡು ತಿಂಗಳಲ್ಲಿ ಇಸ್ವಾಣ (ಅಂಜಲ್), ಪಾಪ್ಲೆಟ್ ಅಂತ ಆಸೆ ಇಟ್ಟುಕೊಂಡು ಬರಬೇಡಿ. ಕಂಡರೆ ಅದು ಐಸಿನಲ್ಲಿ ಕೂತದ್ದು ಇರಬಹುದು. ಹೊಳೆಯ ಮೀನು, ನಾಡದೋಣಿಯವರು ದಂಡೆ ಹತ್ತಿರ ಹಿಡಿದದ್ದು ಕೇಳಿ ತಿನ್ನಿ.

ದರಪಟ್ಟಿಯಲ್ಲಿ ದೊಡ್ಡ ಮೀನಿನ ಎದುರು ರೇಟು ಇರುವುದಿಲ್ಲ, 'ಸೈಜಿನ ಮೇಲೆ' ಅಂತ ಇರುತ್ತದೆ. ಜಾಸ್ತಿ ಜಗಳ ಹುಟ್ಟುವುದು ಇಲ್ಲೇ. ಮಸಾಲೆ ಹಚ್ಚುವ ಮೊದಲು ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿ ಅನ್ನಿ, ಇದಕ್ಕೆ ಎಷ್ಟು ಅಂತ ಕೇಳಿ. ಕಣ್ಣು ಉಬ್ಬಿರಬೇಕು, ಕಿವಿರು ಎತ್ತಿದರೆ ಕೆಂಪಿರಬೇಕು, ಬೆರಳಿಂದ ಒತ್ತಿದರೆ ಕುಳಿ ಬೀಳಬಾರದು. ಕೇಳೋಕೆ ಸಂಕೋಚ ಬೇಡ. ಕೇಳಿದ ಗಿರಾಕಿಗೆ ನಾವು ಒಳ್ಳೆ ಮೀನನ್ನೇ ತೆಗೆದಿಡುತ್ತಿದ್ದೆವು, ನಿಜವಾಗಿ.

ಬಿಲ್ಲು. ಆರು ಪಾಲು ಮಾಡಬೇಡಿ. ಮಜ್ಜಿಗೆ ಅನ್ನ ತಿಂದವಳು ಪಾಪ್ಲೆಟ್‌ನ ಪಾಲು ಕೊಡುವುದು ಅನ್ಯಾಯ. ಅವಳು ಬಾಯಿಬಿಟ್ಟು ಹೇಳುವುದೂ ಇಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಟಿಕೆಟ್ಟು, ಗಾಡಿ, ರಾತ್ರಿ ಊಟ ಇವಕ್ಕೆ ಮೊದಲೇ ಒಂದು ವಂತಿಗೆ ಎತ್ತಿ ಒಬ್ಬರ ಕೈಲಿ ಕೊಡಿ, ಅವರೇ ಎಲ್ಲ ಕಡೆ ಫೋನ್‌ಪೇ ಮಾಡಲಿ. ಮೀನು ಮಾತ್ರ ತಿಂದವರ ಲೆಕ್ಕ. ಹುಡುಗನ ಟಿಕೆಟನ್ನು ಅಮ್ಮನೇ ಕೊಡಲಿ, ಐಸ್‌ಕ್ರೀಮನ್ನು ನೀವು ಚಿಕ್ಕಮ್ಮಂದಿರು ಕೊಡಿಸಿ. ಬಿಲ್ಲಿನಲ್ಲಿ ಸಾಮಾನ್ಯ ಹೋಟೆಲಾದರೆ 5 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ, ಅದು ಕೊಡಲೇಬೇಕಾದದ್ದು. ಸರ್ವಿಸ್ ಚಾರ್ಜ್ ಅಂತ ಬೇರೆ ಸಾಲು ಇದ್ದರೆ ಅದು ಕಡ್ಡಾಯ ಅಲ್ಲ, ಬಲವಂತವಾಗಿ ಸೇರಿಸುವ ಹಾಗಿಲ್ಲ ಅಂತ 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಹೇಳಿದೆ. ತೆಗೆಸಿ, ಆ ದುಡ್ಡನ್ನು ಬಡಿಸಿದವನ ಕೈಗೇ ಕೊಡಿ.

ವಾಪಸ್ ಹೋಗುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಶಿರಸಿಯವರು ಆ ರಾತ್ರಿ ಘಟ್ಟ ಹತ್ತುವುದು ಬೇಡ. ಮಳೆಗಾಲದಲ್ಲಂತೂ ಯೋಚನೆಯನ್ನೂ ಮಾಡಬೇಡಿ, ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ನಿಮ್ಮ ತಾಲೂಕಿನಲ್ಲೇ. ಎಲ್ಲರೂ ನಿಮ್ಮ ಮನೆಗೇ ಬರಲಿ. ಚಾಪೆ ಹಾಸಿದರೆ ಆಯಿತು, ಮಾತು ಹೇಗೂ ಎರಡು ಗಂಟೆವರೆಗೆ ನಡೆಯುತ್ತದೆ. ಕಾರವಾರಕ್ಕೆ ಬರುವಾಗ ಬಸ್ಸು ಸಾಕು. ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಸಾರಿಗೆ ಬಸ್ಸು ಪುಕ್ಕಟೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಮಡಗಾಂವದವಳು ಗೋವಾದ ವಿಳಾಸದ ಆಧಾರ್ ತೋರಿಸಿದರೆ ನಡೆಯುವುದಿಲ್ಲ, ರಾಜ್ಯ ದಾಟುವ ಬಸ್ಸಿಗೂ ಅದು ಇಲ್ಲ. ರೈಲಿನಲ್ಲಿ ಬರುತ್ತಾಳೆ ಅಂದರೆ ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿನ ಒಳಗಲ್ಲ, ಆಟೊದವರ ಹತ್ತಿರ ಕೂರುವ ಮೊದಲೇ ರೇಟು ಮಾತಾಡಲಿ.

ರಾತ್ರಿಗೆ ಮಾತ್ರ ಅಂಕೋಲೆಯ ಗುರುತಿನ ಗಾಡಿ ಒಂದನ್ನು ಹೇಳಿಡಿ, ಆರು ಜನ ಹಿಡಿಸುವಂಥದ್ದು. ಕೊನೆಯ ಬಸ್ಸಿನ ಹೊತ್ತು ನೋಡುತ್ತಾ ಊಟ ಮಾಡಿದರೆ ಊಟ ಮೈಗೆ ಹತ್ತುವುದಿಲ್ಲ. ಡ್ರೈವರನ್ನೂ ಊಟಕ್ಕೆ ಕೂರಿಸಿ, ಬೇರೆ ಟೇಬಲ್ಲಾದರೂ ಸರಿ. ಹೊರಗೆ ಎರಡು ಗಂಟೆ ಸುಮ್ಮನೆ ಕಾಯುವ ಡ್ರೈವರ್ ಎಲ್ಲಿ ಹೋಗಿ ಕೂರುತ್ತಾನೆ ಅಂತ ಹೇಳೋಕೆ ಬರುವುದಿಲ್ಲ, ಕಾರವಾರ ಗೋವಾದ ಬಾಗಿಲಲ್ಲಿ ಇರೋ ಊರು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ದಂಡ ಹಾಳಾಗಲಿ, ನೀವು ಗಾಡಿಯ ಒಳಗೆ ಇರುತ್ತೀರಲ್ಲ.

ಕೊನೆಗೆ ಕುಮಟೆಯ ಗೆಳತಿ. ಅವಳಿಗಾಗಿ ಹೊರಗೆ ನಿಂತು ಐದು ಜನ ಟೈಟಲ್ ತಪ್ಪಿಸಿಕೊಳ್ಳಬೇಡಿ. ಆರು ಸೀಟು ಸಾಲಾಗಿ ತೆಗೆಯುವಾಗ ದಾರಿ ಪಕ್ಕದ ಸೀಟು ಅವಳದ್ದು ಅಂತ ಇಡಿ. ಟಿಕೆಟನ್ನು ಅವಳ ಫೋನಿಗೆ ಕಳಿಸಿ ನೀವು ಒಳಗೆ ಹೋಗಿ ಕೂತುಬಿಡಿ. ಆಟ ಎರಡು ಗಂಟೆಗೆ ಅಂತ ಅವಳಿಗೆ ಮಾತ್ರ ಬೇರೆ ಮೆಸೇಜು ಹಾಕಿದರೂ ತಪ್ಪಿಲ್ಲ, ನಮ್ಮ ಮನೆಯಲ್ಲಿ ನನಗೆ ಹಾಗೇ ಮಾಡುತ್ತಾರೆ.